ನಾಗನ ಹೋಟ್ಲಿನ ಯಜಮಾನ ಜಪಾನಿಗೆ ಹೋದದ್ದು

ಬಟವಾಡಿ

ಹೊಟ್ಟೆಕಿಚ್ಚಿಗೆ ವೀಸಾ ಬೇಕಿಲ್ಲ ಎಂಬುದು ನನಗೆ ಜಪಾನಿನಲ್ಲಿ ಗೊತ್ತಾಯಿತು. ಆದರೆ ನಾನು ಅದನ್ನು ಹೊತ್ತುಕೊಂಡು ಹೊರಟದ್ದು ತುಮಕೂರಿನ ಬಟವಾಡಿಯಿಂದ. ಹಾಗಾಗಿ ಮೊದಲು ಇಲ್ಲಿಯ ಕಥೆಯನ್ನೇ ಹೇಳಿಬಿಡುತ್ತೇನೆ.

ಬಟವಾಡಿಯಲ್ಲಿ ನನ್ನದೊಂದು ತಿಂಡಿ ಹೋಟೆಲಿದೆ. ಬೋರ್ಡಿನ ಮೇಲೆ ಮನೆದೇವರ ಹೆಸರು ದೊಡ್ಡದಾಗಿದೆ, ಅದರ ಕೆಳಗೆ ನನ್ನ ಹೆಸರೂ ಇದೆ. ಆದರೆ ಆಟೋದವರನ್ನು ಕೇಳಿದರೆ, 'ನಾಗನ ಹೋಟ್ಲಾ? ಹತ್ತಿ' ಅನ್ನುತ್ತಾರೆ. ನಾಗ ಅಂದರೆ ನಾಗರಾಜ, ನನ್ನ ಸಪ್ಲೈಯರ್. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಗಿನ ಮೊದಲ ಬಸ್ಸಿಗೆ ಗುಬ್ಬಿಯಿಂದ ಬರುತ್ತಾನೆ, ಸಂಜೆ ವಾಪಸ್ ಹೋಗುತ್ತಾನೆ. ಯಾರಿಗೆ ಇಡ್ಲಿಯ ಮೇಲೆ ಸಾಂಬಾರ್ ಸುರಿಯಬೇಕು, ಯಾರಿಗೆ ಬಟ್ಟಲಲ್ಲಿ ಬೇರೆ ಕೊಡಬೇಕು, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳಿಗೆ ಪರೀಕ್ಷೆ, ಎಲ್ಲ ಅವನ ತಲೆಯಲ್ಲಿರುತ್ತದೆ. ಅವನು ರಜೆ ಹಾಕಿದ ದಿನ ಜನ ಬಾಗಿಲಲ್ಲೇ ಇಣುಕಿ, 'ನಾಗ ಇಲ್ವಾ?' ಅಂತ ಕೇಳಿ ಮುಂದಕ್ಕೆ ಹೋಗುತ್ತಾರೆ. ಗಲ್ಲಾದಲ್ಲಿ ಕಂಬದ ಹಾಗೆ ಕೂತ ನಾನು ಅವರ ಕಣ್ಣಿಗೆ ಬೀಳುವುದಿಲ್ಲ.

ಟಿಪ್ಸ್ ವಿಷಯಕ್ಕೆ ಬರುತ್ತೇನೆ. ಮೊದಲೆಲ್ಲ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಉಳಿಯುತ್ತಿತ್ತು. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುವುದರಿಂದ ಚಿಲ್ಲರೆಯೇ ಇಲ್ಲ. ಟಿಪ್ಸ್ ಕಾಲ ಮುಗಿಯಿತು ಎಂದುಕೊಂಡಿದ್ದೆ. ಒಂದು ದಿನ ಕಾಲೇಜಿನ ಮೇಷ್ಟ್ರೊಬ್ಬರು, 'ನಾಗ, ನಿನ್ ನಂಬರ್ ಹೇಳೋ' ಅಂದರು. ಅಲ್ಲಿಂದ ಶುರುವಾಯಿತು. ಬಿಲ್ಲು ನನ್ನ ಸ್ಕ್ಯಾನಿಗೆ, ಖುಷಿ ನಾಗನ ನಂಬರಿಗೆ. ಅವನ ಅಂಗಿ ಜೇಬಿನಲ್ಲಿ ಫೋನು ಟಿಣ್ ಅನ್ನುವುದು, ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುವುದು. ಸಂಬಳ ಕೊಡುವವನು ನಾನು, ಅಕ್ಕಿ ಉದ್ದು ತರುವವನು ನಾನು. ಸಲಾಮು ಮಾತ್ರ ಅವನಿಗೆ.

ಕೊನೆಗೆ ಗಲ್ಲಾದ ಪಕ್ಕ ಒಂದು ಡಬ್ಬ ಇಟ್ಟೆ. ಟಿಪ್ಸ್ ಯಾರೇ ಕೊಟ್ಟರೂ, ಫೋನಿಗೆ ಬಂದರೆ ಅಷ್ಟೇ ನೋಟು ಇದರಲ್ಲಿ ಬೀಳಬೇಕು, ತಿಂಗಳ ಕೊನೆಗೆ ಒಲೆ ಮುಂದೆ ಬೇಯುವವರಿಗೂ ಪಾತ್ರೆ ತೊಳೆಯುವವರಿಗೂ ಸಮ ಪಾಲು. ಕೇಳುವವರಿಗೆ ಎಷ್ಟು ನ್ಯಾಯ ಅನ್ನಿಸಬೇಕು! ಬಾಯಲ್ಲಿ ನ್ಯಾಯ ಇತ್ತು, ಹೊಟ್ಟೆಯಲ್ಲಿ ಬೇರೆ ಇತ್ತು. ಅದೇ ದಿನ ಮತ್ತೆ ಟಿಣ್ ಅಂತು. ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ನಾನು, 'ಏಯ್, ಯಾರದು ಬಂದಿದ್ದು? ತೋರ್ಸು' ಅಂದುಬಿಟ್ಟೆ. ನಾಗರಾಜ ಜೇಬಿನಿಂದ ಫೋನು ತೆಗೆದು ಗಲ್ಲಾದ ಮೇಲೆ ನನ್ನ ಎದುರಿಗೆ ಇಟ್ಟ. ನೋಡಿದರೆ ಅದು ಅವನ ಹೆಂಡತಿಯ ಮೆಸೇಜು. ಮಾರನೇ ದಿನದಿಂದ ಅವನು ಬಂದ ತಕ್ಷಣ ಫೋನನ್ನು ಗಲ್ಲಾದ ಮೇಲಿಟ್ಟು ಆಮೇಲೆ ಸೊಂಟಕ್ಕೆ ಟವಲು ಕಟ್ಟುತ್ತಿದ್ದ. ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಇಷ್ಟರಲ್ಲಿ ನನ್ನ ಷಡ್ಡಕ ಜಗದೀಶ ಕುಣಿಗಲ್ ಬೈಪಾಸಿನಲ್ಲಿ ಹೊಸ ಹೋಟೆಲ್ ತೆಗೆಯುವ ಸುದ್ದಿ ಬಂತು. ಜಗದೀಶ ಅಂದರೆ ನನ್ನ ಹೆಂಡತಿ ಗಿರಿಜಳ ತಂಗಿಯ ಗಂಡ. ಅವನು ನಾಗರಾಜನನ್ನು ಕರೆದಿದ್ದ. ನಾಗರಾಜನೇ ಬಂದು ನನ್ನ ಮುಂದೆ ಹೇಳಿದ.

'ಹೋಯ್ತೀಯೇನೋ?' ಅಂದೆ.

'ನೀವು ಟೂರ್ ಮುಗ್ಸ್ಕೊಂಡ್ ಬನ್ನಿ ಅಣ್ಣ. ಅಲ್ಲೀಗಂಟ ಹೋಟ್ಲು ನಾನ್ ನೋಡ್ಕೊತೀನಿ. ಬಂದ್ಮೇಲೆ ಹೇಳ್ತೀನಿ' ಅಂದ.

ಈ ಟೂರಿನ ಮೂಲವೂ ಹೊಟ್ಟೆಕಿಚ್ಚೇ. ಜಗದೀಶ ಹೋದ ವರ್ಷ ಸಿಂಗಪುರಕ್ಕೆ ಹೋಗಿ ಬಂದು ಆರು ತಿಂಗಳು ಫೋಟೋ ತೋರಿಸಿದ್ದ. ಸಿಂಗಪುರಕ್ಕಿಂತ ದೂರ ಯಾವುದಿದೆ ಅಂತ ಮ್ಯಾಪು ನೋಡಿ ಜಪಾನ್ ಆರಿಸಿದವನು ನಾನು.

ಟೋಕಿಯೋ

ನಮ್ಮ ಗುಂಪಿನ ಟೂರ್ ಮ್ಯಾನೇಜರ್ ರಶ್ಮಿ ಎಂಬ ಹುಡುಗಿ. ಜಪಾನಿ ಮಾತಾಡುತ್ತಾಳೆ, ಮೈಸೂರಿನವಳು, ನನ್ನನ್ನು ಅಂಕಲ್ ಅನ್ನುತ್ತಾಳೆ. ಮೊದಲ ದಿನವೇ ಒಂದು ಉದ್ದ ಶ್ಯಾವಿಗೆಯ ಅಂಗಡಿ ಮುಂದೆ ನಮ್ಮನ್ನು ನಿಲ್ಲಿಸಿ, 'ಅಂಕಲ್, ಇಲ್ಲಿ ಯಾವ ಸಾರು ಕುಡಿದ್ರೂ ಅದ್ರಲ್ಲಿ ಮೀನಿನ ನೀರಿರುತ್ತೆ' ಅಂದಳು. ನಾವು ಮನೆಯಲ್ಲಿ ಲಿಂಗಪೂಜೆ ಮಾಡಿಕೊಂಡು ಬಂದವರು. ಗಿರಿಜ ಆಗಲೇ ಚಟ್ನಿಪುಡಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದಳು. ಬರೀ ಅನ್ನ ತರಿಸಿಕೊಂಡು, ಚಟ್ನಿಪುಡಿ ಕಲಸಿ, ಕಡ್ಡಿಯಲ್ಲಿ ತಿನ್ನಲು ಹೋಗಿ, ಅರ್ಧ ಅನ್ನ ಮಡಿಲಿಗೆ ಬಿತ್ತು. ಆಮೇಲೆ ಕೈಯಲ್ಲೇ ಉಂಡೆವು. ಎದುರು ಕೂತಿದ್ದ ಆಫೀಸಿನ ಮಹಾಶಯ ತಲೆ ತಗ್ಗಿಸಿ ನೋಡದ ಹಾಗೆ ನೋಡಿದ.

ನಾನು ಊಟಕ್ಕಿಂತ ಹೆಚ್ಚಾಗಿ ಸಪ್ಲೈ ಮಾಡುವವರನ್ನೇ ನೋಡುತ್ತಿದ್ದೆ. ಕಸುಬಿನ ಚಾಳಿ. ಒಳಗೆ ಕಾಲಿಟ್ಟ ತಕ್ಷಣ ಒಲೆಯ ಮುಂದಿನವನಿಂದ ಹಿಡಿದು ತಟ್ಟೆ ತೊಳೆಯುವವನ ತನಕ ಎಲ್ಲರೂ ಒಂದೇ ದನಿಯಲ್ಲಿ ಕೂಗಿ ಬರಮಾಡಿಕೊಳ್ಳುತ್ತಾರೆ. ಕೈ ಒರೆಸಲು ಬಿಸಿ ಬಟ್ಟೆ ಬರುತ್ತದೆ. ನೀರಿನ ಲೋಟ ಅರ್ಧಕ್ಕಿಳಿಯುವ ಮೊದಲೇ ತುಂಬುತ್ತದೆ. ಒಬ್ಬರ ಮುಖದಲ್ಲೂ ಟಿಪ್ಸಿನ ನಿರೀಕ್ಷೆ ಕಾಣಲಿಲ್ಲ.

'ಇಲ್ಲಿ ಟಿಪ್ಸ್ ಕೊಡೋ ಹಾಗಿಲ್ಲ ಅಂಕಲ್. ಕೊಟ್ರೆ ಅವ್ರಿಗೆ ಮುಜುಗರ' ಅಂದಳು ರಶ್ಮಿ.

ಅದನ್ನು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೂ ಪರೀಕ್ಷೆ ಮಾಡದೆ ನಂಬುವುದು ಹೇಗೆ? ಏಳುವಾಗ ತಟ್ಟೆಯ ಕೆಳಗೆ ಒಂದಿಷ್ಟು ನಾಣ್ಯ ಇಟ್ಟು ಬಂದೆ. ಸಿಗ್ನಲ್ ದಾಟುವಷ್ಟರಲ್ಲಿ ಆ ಅಂಗಡಿಯ ಹುಡುಗಿ ಏಪ್ರನ್ನಿನಲ್ಲೇ ಓಡಿಬಂದು, ಎರಡೂ ಕೈಯಲ್ಲಿ ನಾಣ್ಯ ಹಿಡಿದು, ಬಗ್ಗಿ ಕೊಟ್ಟಳು. ನಾನು ಮರೆತು ಹೋದೆ ಅಂತ ಅವಳ ಲೆಕ್ಕ. ಸಂಜೆ ಕಾಫಿ ಅಂಗಡಿಯಲ್ಲಿ ಮತ್ತೆ ಇಟ್ಟೆ, ಮತ್ತೆ ವಾಪಸ್ ಬಂತು. ಮಾರನೇ ದಿನ ಬೆಳಗ್ಗೆ ಇನ್ನೊಂದು ಅಂಗಡಿಯಲ್ಲಿ ಮೂರನೇ ಸಲ ಇಡುವಾಗ ಫೋನು ತೆಗೆದು ವಿಡಿಯೋ ಮಾಡಿದೆ. ಅಲ್ಲಿಯ ಹುಡುಗಿ ಓಡಿ ಬರುವುದು, ಬಗ್ಗುವುದು, ಕೊಡುವುದು, ಎಲ್ಲ ಚೆನ್ನಾಗಿ ಬಂದಿತ್ತು.

ಆ ವಿಡಿಯೋವನ್ನು ನಾಗರಾಜನಿಗೆ ಕಳಿಸಿದೆ. ಕೆಳಗೆ, 'ನೋಡು, ಇವರು ಹೇಗಿದ್ದಾರೆ' ಅಂತ ಬರೆದೆ.

ಬರೆಯುವಾಗ ನನಗೆ ಬಹಳ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಉತ್ತರವಾಗಿ ಕೈಮುಗಿದಿರುವ ಒಂದು ಚಿತ್ರ ಬಂತು, ಅಷ್ಟೇ. ಗಿರಿಜ ನನ್ನ ಫೋನು ಇಸಕೊಂಡು ನೋಡಿ, 'ಇಷ್ಟ್ ದೂರ ಬಂದೂ ಆ ನಾಗನ್ನೇ ಚುಚ್ಚೋದಾ? ನಿಮ್ಮಂಥೋರು ಎಲ್ಗೋದ್ರೂ ಬಟವಾಡೀಲೇ ಇರ್ತೀರ' ಅಂದಳು.

ಹಕೋನೆ

ಹಕೋನೆ ಬೆಟ್ಟದ ಊರು, ಬಿಸಿನೀರಿನ ಬುಗ್ಗೆಗಳಿಗೆ ಹೆಸರುವಾಸಿ. ಅಲ್ಲಿ ಹಳೇ ಕಾಲದ ಛತ್ರದಂಥ ವಸತಿ ಮನೆಯಲ್ಲಿ ನಮ್ಮನ್ನು ಇಳಿಸಿದರು. ಚಾಪೆ ಹಾಸಿದ ಕೋಣೆ. ನಮ್ಮ ಕೋಣೆಗೆ ಅಂತ ಒಬ್ಬ ಹೆಂಗಸು, ಅರವತ್ತರ ಹತ್ತಿರ ವಯಸ್ಸು, ಕಿಮೋನೊ ಉಟ್ಟುಕೊಂಡು ಮಂಡಿಯೂರಿ ಬಂದು ಟೀ ಕೊಡುತ್ತಾಳೆ, ಊಟ ತಂದು ಜೋಡಿಸುತ್ತಾಳೆ, ಹಾಸಿಗೆ ಹಾಸುತ್ತಾಳೆ. ನಮಗೆ ಮೀನು ಆಗದು ಅಂತ ತಿಳಿದು, ಅಡುಗೆಮನೆಗೆ ಹೋಗಿ ತಾನೇ ನಿಂತು ತರಕಾರಿ ಬೇಯಿಸಿ ತಂದಳು. ಗಿರಿಜ ಕರಗಿಹೋದಳು.

'ಈಯಮ್ಮಂಗೆ ಏನೂ ಕೊಡ್ದೆ ಹೋಗೋದಾ? ನನ್ ಕೈಲಾಗಲ್ಲ' ಅಂದಳು.

ರಶ್ಮಿಯನ್ನು ಕೇಳಿದಾಗ ನನ್ನ ಸಂತೋಷಕ್ಕೆ ಮೊದಲ ಪೆಟ್ಟು ಬಿತ್ತು. ಇಂಥ ಹಳೇ ವಸತಿ ಮನೆಗಳಲ್ಲಿ ಕೊಡುವ ಪದ್ಧತಿ ಉಂಟಂತೆ. ಕಡ್ಡಾಯವಲ್ಲ, ಆದರೆ ಕೊಡುವವರು ಕೊಡುತ್ತಾರೆ. ಬರೀ ಕೈಯಲ್ಲಿ ದುಡ್ಡು ಚಾಚಬಾರದು, ಹೊಸ ನೋಟನ್ನು ಕವರಿನಲ್ಲಿಟ್ಟು ಎರಡು ಕೈಯಲ್ಲಿ ಕೊಡಬೇಕು.

'ಅಯ್ಯೋ, ನಮ್ ಮುಯ್ಯಿ ಥರನೇ ಅಲ್ವಾ!' ಅಂದಳು ಗಿರಿಜ.

ಮದುವೆ ಮನೆಯಲ್ಲಿ ಮುಯ್ಯಿ ಕವರು ಕೊಟ್ಟು ಕೊಟ್ಟು ಪಳಗಿದ ಕೈ ಅದು. ರಶ್ಮಿಗೆ ಹೇಳದೆ ನಾವಿಬ್ಬರೇ ಎದುರಿನ ಅಂಗಡಿಗೆ ಹೋದೆವು. ಅಲ್ಲಿ ಕವರುಗಳು ಸಾಲಾಗಿ ನೇತಾಡುತ್ತಿದ್ದವು. ಒಂದರ ಮೇಲೆ ಕಪ್ಪು ಮತ್ತು ಬೆಳ್ಳಿ ಬಣ್ಣದ ದಾರವನ್ನು ಗಂಟು ಹಾಕಿದ್ದರು, ಜರಿ ಅಂಚಿನ ಹಾಗೆ ಬಹಳ ಅಂದವಾಗಿತ್ತು. ಅದನ್ನೇ ತಂದೆವು. ಒಳಗೆ ಹೊಸ ನೋಟು ಇಟ್ಟ ಮೇಲೂ ಗಿರಿಜಳಿಗೆ ಸಮಾಧಾನವಿಲ್ಲ. ಬರೀ ನೋಟು ಕೊಡಬಾರದು, ಒಂದು ರೂಪಾಯಿ ಸೇರಿಸಬೇಕು. ಪರ್ಸಿನ ಮೂಲೆಯಲ್ಲಿದ್ದ ನಮ್ಮದೇ ಒಂದು ರೂಪಾಯಿ ನಾಣ್ಯವನ್ನು ಹುಡುಕಿ ತೆಗೆದು ಒಳಗೆ ಹಾಕಿದಳು.

ಆ ಹೆಂಗಸು ಟೀ ತಂದಾಗ ಗಿರಿಜ ಎರಡೂ ಕೈಯಲ್ಲಿ ಕವರು ಕೊಟ್ಟಳು. ಅವಳು ನಗುತ್ತಾ ಕೈ ಚಾಚಿದವಳು ಕವರನ್ನು ನೋಡಿ ಕಲ್ಲಾದಳು. ನನ್ನ ಮುಖ ನೋಡಿದಳು, ಗಿರಿಜಳ ಮುಖ ನೋಡಿದಳು. ಹಣೆ ಚಾಪೆಗೆ ತಾಗುವ ಹಾಗೆ ಬಗ್ಗಿ ನಮಸ್ಕಾರ ಮಾಡಿ, ಸದ್ದಿಲ್ಲದೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ವಸತಿ ಮನೆಯ ಮ್ಯಾನೇಜರ್ ಬಂದ, ಅವನ ಹಿಂದೆ ರಶ್ಮಿ ಏದುಸಿರು ಬಿಡುತ್ತಾ ಬಂದಳು.

'ಅಂಕಲ್, ಅವ್ರ ಮನೇಲಿ ಯಾರೋ ಹೋಗ್ಬಿಟ್ರು ಅಂತ ಯಾರು ಹೇಳಿದ್ರು ನಿಮ್ಗೆ?'

'ಯಾರೂ ಹೇಳಿಲ್ವಲ್ಲಮ್ಮ, ಯಾಕೆ?'

'ಮತ್ತೆ ಸಾವಿನ ಮನೆಗೆ ಕೊಡೋ ಕವರ್ ಕೊಟ್ಟಿದೀರಲ್ಲ!'

ಗಿರಿಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಂಗಳಕರವಾಗಲಿ ಅಂತ ಒಂದು ರೂಪಾಯಿ ಬೇರೆ ಸೇರಿಸಿ ಸೂತಕದ ಕವರು ಕೊಟ್ಟವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು. ರಶ್ಮಿ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಆ ಹೆಂಗಸು ತೋಳಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೋಟನ್ನು ಒಂದು ಬಿಳಿ ಕಾಗದದಲ್ಲಿ ಸುತ್ತಿ ಇಟ್ಟುಕೊಂಡಳು. ಆ ರೂಪಾಯಿಯನ್ನು ಮಾತ್ರ ಗಿರಿಜಳಿಗೆ ತೋರಿಸಿ, ತನ್ನ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಳು.

ಮಾರನೇ ದಿನ ಬೆಳಗ್ಗೆ ನಮ್ಮ ಬಸ್ಸು ಹೊರಟಾಗ ಅವಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಬೀಸಿದಳು. ಗುಂಪಿನಲ್ಲಿ ಮೂರು ಕಾಸು ಬಿಚ್ಚದವರೂ ಇದ್ದರು. ಅವರ ಕಿಟಕಿಗೂ ಅದೇ ಕೈ, ಅದೇ ನಗು. ಇಂಥ ಕೆಲಸದವಳನ್ನು ಇಟ್ಟುಕೊಂಡ ಆ ವಸತಿ ಮನೆಯ ಯಜಮಾನ ಯಾರೋ, ಅವನ ಮುಖವನ್ನೂ ನೋಡಲಿಲ್ಲ ನಾನು. ಆದರೂ ಕ್ಯೋಟೋ ತನಕ ದಾರಿಯುದ್ದಕ್ಕೂ ಅವನ ಮೇಲೆ ಹೊಟ್ಟೆ ಉರಿದುಕೊಂಡೆ. ಸುಮಾರು ದೂರ ಹೋದ ಮೇಲೆ ನೆನಪಾಯಿತು, ಅಂಥ ಕೆಲಸದವನೊಬ್ಬ ನನ್ನ ಹತ್ತಿರವೂ ಇದ್ದಾನೆ. ಇದ್ದಾನೋ, ಇದ್ದನೋ, ಅದು ಗೊತ್ತಿರಲಿಲ್ಲ.

ಕ್ಯೋಟೋ

ಕ್ಯೋಟೋದ ದೇವಸ್ಥಾನಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ನೋಡಿದ್ದು ಒಂದು ಗಲ್ಲಿಯ ಒಳಗಿನ ಸಣ್ಣ ಅಂಗಡಿ. ಬಿಸಿನೀರಿನಲ್ಲಿ ಬೇಯಿಸಿದ ಸೋಯಾ ಹಾಲಿನ ಗಿಣ್ಣು, ಅದರ ಜೊತೆ ಅನ್ನ, ಉಪ್ಪಿನಕಾಯಿ. ಮೀನಿನ ನೀರು ಇಲ್ಲ ಅಂತ ರಶ್ಮಿ ಎರಡು ಸಲ ವಿಚಾರಿಸಿ ನಮ್ಮನ್ನು ಕೂರಿಸಿ ಹೋದಳು. ಎಂಟು ಜನ ಕೂರುವಷ್ಟು ಜಾಗ. ಯಜಮಾನನೇ ಬೇಯಿಸುತ್ತಾನೆ, ಅವನೇ ಬಡಿಸುತ್ತಾನೆ. ನನ್ನ ವಯಸ್ಸಿನವನೇ, ನನ್ನ ಹಾಗೆ ಬೋಳುತಲೆ.

ಒಬ್ಬ ಗಿರಾಕಿ ಊಟ ಮುಗಿಸಿ ಎದ್ದ. ತಟ್ಟೆಗಳನ್ನು ತಾನೇ ಎತ್ತಿ ಕಟ್ಟೆಯ ಮೇಲಿಟ್ಟ. ಯಜಮಾನನ ಕಡೆ ತಿರುಗಿ, ಸ್ವಲ್ಪ ಬಗ್ಗಿ, ಏನೋ ಒಂದು ಮಾತು ಹೇಳಿ ಹೋದ. ಇನ್ನೊಬ್ಬಳು ಎದ್ದಳು, ಅದೇ ಮಾತು. ಆಮೇಲೆ ಕಾಲೇಜು ಹುಡುಗರಿಬ್ಬರು, ಅದೇ ಮಾತು. ಪ್ರತಿ ಸಲವೂ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಬಾಗಿಸುತ್ತಿದ್ದ. ರಶ್ಮಿ ಕರೆದೊಯ್ಯಲು ಬಂದಾಗ, ಅದೇನು ಅಂತ ಕೇಳಿದೆ. ಊಟ ಮಾಡಿ ಏಳುವವರೆಲ್ಲ ಹೇಳಲೇಬೇಕಾದ ಮಾತಂತೆ, ಒಳ್ಳೆಯ ಊಟವಾಯಿತು ಎಂಬ ಅರ್ಥವಂತೆ.

ಅಷ್ಟು ಹೊಟ್ಟೆಕಿಚ್ಚು ನನಗೆ ಜಗದೀಶನ ಮೇಲೂ ಆಗಿರಲಿಲ್ಲ. ಹೊರಗೆ ಬಂದು ಗಿರಿಜಳಿಗೆ ಹೇಳಿದೆ, 'ನೋಡೇ, ಇಷ್ಟ್ ವರ್ಷ ಹೋಟ್ಲು ನಡ್ಸಿದೀನಿ. ಒಬ್ಬ ನನ್ ಮಕ ನೋಡಿ ಚೆನ್ನಾಗಿತ್ತು ಅಂದಿದಾನಾ? ಎಲ್ಲಾ ಆ ನಾಗಂಗೇ.'

'ನೀವ್ ಯಾರಿಗ್ರೀ ಹೇಳಿದೀರಾ?' ಅಂದಳು. 'ನಾಗಂಗೆ ಒಂದ್ ದಿನ ಹೇಳಿದೀರಾ, ಚೆನ್ನಾಗ್ ಬಡಿಸ್ತೀಯ ಕಣೋ ಅಂತ? ನಿಮ್ಗೆ ಅವ್ನ್ ದುಡ್ಡಿನ್ ಮೇಲೆ ಕಣ್ಣಿಲ್ಲ. ಜನ ಅವನ್ನ ಇಷ್ಟ ಪಡ್ತಾರಲ್ಲ, ಅದು ತಡೆಯೋಕಾಗಲ್ಲ ನಿಮ್ಗೆ. ನಂಗೂ ಯಾವತ್ತೂ ಹೇಳಿಲ್ಲ ನೀವು. ಅದು ಬಿಡಿ, ಬೇರೆ ವಿಷ್ಯ.'

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ನಾಗರಾಜನಿಗೆ ಫೋನು ಮಾಡಿದೆ.

'ಹೇಳಿ ಅಣ್ಣ' ಅಂದ. ಹಿಂದಿನಿಂದ ತಟ್ಟೆ ಲೋಟಗಳ ಸದ್ದು, 'ಎರಡ್ ಇಡ್ಲಿ, ಒಂದ್ ವಡೆ' ಎಂಬ ಕೂಗು.

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ. 'ಹಿಟ್ಟು ಹುದುಗು ಬಂದಿತ್ತೇನೋ?' ಅಂದೆ.

'ಬಂದಿತ್ತಣ್ಣ. ಚೆನ್ನಾಗೈತೆ ಎಲ್ಲ.'

'ಸರಿ ಇಡು' ಅಂದೆ. ಇಟ್ಟ. ಗಿರಿಜ ನನ್ನ ಕಡೆ ನೋಡದೆ ಎದುರಿನ ಅಂಗಡಿಯ ಬೀಸಣಿಗೆಗಳನ್ನು ನೋಡುತ್ತಾ ನಿಂತಳು.

ಮತ್ತೆ ಬಟವಾಡಿ

ಬಂದ ಮಾರನೇ ದಿನ ಬೆಳಗ್ಗೆ, ಅಂಗಡಿ ಬಾಗಿಲು ತೆಗೆದ ತಕ್ಷಣ ಮಾಡಿದ ಮೊದಲ ಕೆಲಸ ಆ ಡಬ್ಬ ತೆಗೆದು ಒಳಗಿಟ್ಟದ್ದು. ಒಲೆ ಮುಂದಿನವರಿಗೆ ನಾನೇ ಸಂಬಳದಲ್ಲಿ ಸೇರಿಸಿ ಕೊಟ್ಟರಾಯಿತು, ಅವರ ನ್ಯಾಯವನ್ನು ನಾಗನ ಜೇಬಿನಿಂದ ಕೊಡಿಸುವುದು ಯಾಕೆ ಅಂತ ಆಗ ಹೊಳೆದಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ನಾಗರಾಜ ಮೊದಲ ಬಸ್ಸಿಗೇ ಬಂದ. ಎಂದಿನಂತೆ ಫೋನು ತೆಗೆದು ಗಲ್ಲಾದ ಮೇಲಿಡಲು ಹೋದ.

'ಅದ್ನ ಜೇಬಲ್ಲಿ ಇಟ್ಕೊಳ್ಳೋ. ಡಬ್ಬ ತೆಗ್ದಿದೀನಿ' ಅಂದೆ.

ಅವನು ಡಬ್ಬ ಇದ್ದ ಜಾಗವನ್ನು ಒಂದು ಗಳಿಗೆ ನೋಡಿದ. 'ನಾನ್ ಮಾತ್ ಕೊಟ್ಬುಟ್ಟಿದೀನಿ ಅಣ್ಣ, ಜಗದೀಶಣ್ಣಂಗೆ. ಸೋಮ್ವಾರದಿಂದ ಹೋಯ್ತೀನಿ.'

'ಬಂದ್ಮೇಲೆ ಹೇಳ್ತೀನಿ ಅಂದಿದ್ದಲ್ಲೋ?'

'ಅಂದಿದ್ದೆ. ಆಮೇಲೆ ಆ ವಿಡಿಯೋ ಕಳ್ಸಿದ್ರಲ್ಲ.' ಟವಲು ಕಟ್ಟಿಕೊಳ್ಳುತ್ತಾ ಹೇಳಿದ. 'ದುಡ್ಡಿಗೆ ಅಲ್ಲ ಅಣ್ಣ. ಡಬ್ಬ ಇಟ್ರಿ, ಹಾಕ್ದೆ. ಒಳಗ್ ದುಡಿಯೋರೂ ನಮ್ಮೋರೇ ಅಲ್ವಾ. ಅವತ್ತು ಫೋನ್ ತೋರ್ಸು ಅಂದ್ರಲ್ಲ, ಎಲ್ಲಾರೆದ್ರುಗೆ. ಮೇಷ್ಟ್ರೂ ಇದ್ರು. ನಾನ್ ಕದ್ದೋನಾ ಅಣ್ಣ?'

ಸೋಮವಾರದ ತನಕ ಅವನು ಎಂದಿನ ಹಾಗೇ ಬಡಿಸಿದ. ಭಾನುವಾರ ಸಂಜೆ ಗಿರಿಜ ಹೋಟೆಲಿಗೆ ಬಂದು ಅವನಿಗೆ ಪಂಚೆ ಶಲ್ಯ ಕೊಟ್ಟಳು. ನಾನು ಗಲ್ಲಾದಲ್ಲೇ ಕೂತಿದ್ದೆ. 'ಬತ್ತೀನಣ್ಣ' ಅಂದ. 'ಹ್ಞೂಂ' ಅಂದೆ. ಅಷ್ಟೇ ಆಯಿತು ಹತ್ತೊಂಬತ್ತು ವರ್ಷಕ್ಕೆ.

ಕುಣಿಗಲ್

ಈ ಪ್ರವಾಸದ ಕೊನೆಯ ಊರು ಕುಣಿಗಲ್. ಟೋಕಿಯೋಗೆ ಹೊರಟಾಗ ಇಲ್ಲದ ಅಳುಕು ಕುಣಿಗಲ್ ಬಸ್ಸು ಹತ್ತುವಾಗ ಇತ್ತು. ತೆಂಗಿನಕಾಯಿ ವ್ಯಾಪಾರಕ್ಕೆ ಗುಬ್ಬಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೆ. ನಾಗರಾಜ ಹೋಗಿ ಒಂದೂವರೆ ತಿಂಗಳಾಗಿತ್ತು. ಗುಬ್ಬಿಯಿಂದ ದಿನಾ ಓಡಾಡಲು ದೂರ, ಹೋಟೆಲಿನ ಮೇಲೆಯೇ ಒಂದು ರೂಮಿನಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಹೋಗುತ್ತಾನೆ ಅಂತ ಕೇಳಿದ್ದೆ. ನನ್ನ ದೆಸೆಯಿಂದ ಅವನಿಗೆ ಹೆಂಡತಿ ಮಕ್ಕಳ ಮುಖವೂ ವಾರಕ್ಕೊಂದು ಸಲ ಆಯಿತು.

ಜಗದೀಶನ ಹೋಟೆಲು ಗಾಜು, ಲೈಟು ಎಲ್ಲ ಹಾಕಿ ಝಗಝಗ ಅನ್ನುತ್ತಿತ್ತು. ಪುಣ್ಯಕ್ಕೆ ಜಗದೀಶ ಇರಲಿಲ್ಲ. ಮೂಲೆಯ ಟೇಬಲ್ಲಿನಲ್ಲಿ ಕೂತೆ. ಮೆನು ಕಾರ್ಡು ಮುಖಕ್ಕೆ ಅಡ್ಡ ಹಿಡಿದೆ.

ಯಾರೋ ಬಂದು ನೀರಿಟ್ಟರು. ಏನು ಬೇಕು ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ ಬಂತು, ಸಕ್ಕರೆ ಕಮ್ಮಿ, ಡಿಕಾಕ್ಷನ್ ಜಾಸ್ತಿ. ಎಲ್ಲರೂ ತಿಂಡಿ ಆದ ಮೇಲೆ ಕಾಫಿ ಕುಡಿದರೆ ನಾನು ಮೊದಲು ಕುಡಿಯುವವನು. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ತಟ್ಟೆ ಇಡ್ಲಿ ಬಂತು, ಮೇಲೆ ಬೆಣ್ಣೆ ಇಲ್ಲ, ಸಾಂಬಾರ್ ಬೇರೆ ಬಟ್ಟಲಲ್ಲಿ, ಚಟ್ನಿ ಎರಡು ಸೌಟು. ಗಲ್ಲಾದಲ್ಲಿ ಕೂತಲ್ಲೇ ಗಬಗಬ ತಿನ್ನುತ್ತಿದ್ದ ನನಗೆ, ನನ್ನ ತಿಂಡಿಗೆ ಇಂಥದ್ದೊಂದು ಕ್ರಮವಿದೆ ಎಂಬುದೇ ಗೊತ್ತಿರಲಿಲ್ಲ. ನಾನು ಅಲ್ಲಿಂದ ಅವನ ಜೇಬು ಕಾಯುತ್ತಿದ್ದಾಗ ಅವನು ಇದನ್ನೆಲ್ಲ ನೋಡಿಕೊಂಡಿದ್ದ.

ಕಾರ್ಡು ಕೆಳಗಿಟ್ಟೆ. ನಾಗರಾಜ ನಿಂತಿದ್ದ.

'ಯಾವಾಗ್ ಬಂದ್ರಿ ಅಣ್ಣ? ಅಕ್ಕ ಚೆನ್ನಾಗವ್ರಾ?'

'ಚೆನ್ನಾಗಿದಾಳೆ' ಅಂದೆ. ತಿಂದು ಮುಗಿಸಿ ಕೈ ತೊಳೆದು ಬಂದೆ. ಈ ಸಲ ನಾಲಿಗೆಯನ್ನು ಬೇರೆ ಕಡೆ ಹೊರಳಲು ಬಿಡಲಿಲ್ಲ. 'ಚೆನ್ನಾಗಿತ್ತು ಕಣೋ ನಾಗ.'

'ಇಡ್ಲಿನಾ? ಎಲ್ ಬುಡಿ ಅಣ್ಣ, ಇಲ್ಲಿ ಉದ್ದು ಕಮ್ಮಿ ಹಾಕ್ತಾರೆ. ನಮ್ದೇ ವಾಸಿ.'

'ಇಡ್ಲಿ ಅಲ್ಲ. ನೀನ್ ಬಡಿಸಿದ್ದು. ಅವತ್ತು ಹಂಗ್ ಕೇಳ್ಬಾರ್ದಿತ್ತು ನಾನು. ತಪ್ಪಾಯ್ತು.'

ಅವನು ಟೇಬಲ್ಲನ್ನು ಒರೆಸಿದ. ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿದ. 'ಆಯ್ತು ಬುಡಿ ಅಣ್ಣ' ಅಂದ.

ವಾಪಸ್ ಬಾ ಅಂತ ಕೇಳುವ ಆಸೆ ಬಾಯಿ ತನಕ ಬಂದಿತ್ತು. ಕೇಳಲಿಲ್ಲ. ಜೇಬಿನಿಂದ ಒಂದು ನೋಟು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ನನ್ನ ಹತ್ತಿರ ಇಸಕೊಳ್ಳುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಅವನು ಬೇಡ ಅನ್ನಲಿಲ್ಲ, ನಾಚಲಿಲ್ಲ. ನೋಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿ, ಬೇರೆ ಯಾವ ಗಿರಾಕಿಗಾದರೂ ಕೊಡುವ ಹಾಗೇ ನನಗೂ ಒಂದು ನಗು ಕೊಟ್ಟ. ಅಷ್ಟು ಹತ್ತಿರದಿಂದ ಆ ನಗುವನ್ನು ನಾನು ನೋಡಿದ್ದು ಅದೇ ಮೊದಲು.

ಪಕ್ಕದ ಟೇಬಲ್ಲಿಗೆ ಲಾರಿಯವರಿಬ್ಬರು ಬಂದು ಕೂತರು. 'ಬನ್ನಿ ಬನ್ನಿ, ಏನ್ ಕೊಡ್ಲಿ?' ಅನ್ನುತ್ತಾ ನಾಗರಾಜ ಅವರ ಕಡೆ ತಿರುಗಿದ. ಹತ್ತೊಂಬತ್ತು ವರ್ಷ ನನ್ನ ಹೋಟೆಲಿನಲ್ಲಿ ಅವನ ಮುಂದೆ ಕೂತು, ಉಂಡು, ಎದ್ದು ಹೋದ ಪ್ರತಿಯೊಬ್ಬ ಗಿರಾಕಿಯ ಮೇಲೂ ನನಗೆ ಆಗ ಹೊಟ್ಟೆಕಿಚ್ಚಾಯಿತು.